ಮಗಳ ಮುಖ ಸ್ಟಿಕ್ಕರ್ ಆಯ್ತು, ಅದನ್ನ ಹೆಚ್ಚು ಜನಕ್ಕೆ ಮುಟ್ಟಿಸಿದ್ದು ನಾನೇ

ಆಲ್ದೂರು ಕಡೆಯ ಅಮ್ಮ | ಭಾನುವಾರ, ರಾತ್ರಿ 10.50

ಇದನ್ನ ಬರೀಬೇಕೋ ಬೇಡ್ವೋ ಅಂತ ಮೂರು ದಿನ ಯೋಚಿಸಿದೆ. ಕೊನೆಗೆ ಮಗಳನ್ನೇ ಕೇಳಿದೆ. "ನನ್ನ ಹೆಸರು ಬೇಡ, ಸ್ಕೂಲ್ ಹೆಸರೂ ಬೇಡ, ಮಿಕ್ಕಿದ್ದು ಬರಿ" ಅಂದಳು.

ಅವಳು ಒಂಬತ್ತನೇ ಕ್ಲಾಸು. ದಿನಾ ಬಸ್ಸಲ್ಲಿ ಚಿಕ್ಕಮಗಳೂರಿಗೆ ಹೋಗಿ ಬರ್ತಾಳೆ. ಬೆಳಿಗ್ಗೆ ಆರಕ್ಕೆ ಎದ್ದು ಹೊರಡೋ ಮಗು, ಸಂಜೆ ಸೀಟು ಸಿಕ್ಕಿದ್ರೆ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗ್ತಾಳೆ. ಕಾಫಿ ಕೊಯ್ಲಿನ ಟೈಮಲ್ಲಿ, ಜನವರಿಯಲ್ಲಿ, ಯಾರೋ ಅವಳು ಬಾಯಿ ಬಿಟ್ಕೊಂಡು ಮಲಗಿರೋ ಫೋಟೋ ತೆಗೆದಿದ್ದಾರೆ. ಮುಖ ಮಾತ್ರ ಕತ್ತರಿಸಿ, ಕೆಳಗೆ ಒಂದು ಅಡ್ಡಹೆಸರು ಬರೆದು ವಾಟ್ಸಾಪ್ ಸ್ಟಿಕ್ಕರ್ ಮಾಡಿದ್ದಾರೆ. ಆ ಅಡ್ಡಹೆಸರನ್ನ ನಾನು ಇಲ್ಲಿ ಬರೆಯಲ್ಲ. ಕ್ಲಾಸಿನ ಗ್ರೂಪಲ್ಲಿ ಯಾರಾದ್ರೂ ಹೋಂವರ್ಕ್ ಕೇಳಿದ್ರೆ ಆ ಸ್ಟಿಕ್ಕರ್. ಗುಡ್ ನೈಟ್ ಅಂದ್ರೆ ಆ ಸ್ಟಿಕ್ಕರ್.

ಎರಡು ವಾರ ನಂಗೆ ಗೊತ್ತೇ ಇಲ್ಲ. ಹೇಳಿದ್ದು ಬಸ್ ಕಂಡಕ್ಟರ್ರು. "ಸೀಟು ಖಾಲಿ ಇದ್ರೂ ಮಗು ಕೂರ್ತಿಲ್ಲ ಕಣಮ್ಮಾ, ಊರ್ ತನಕ ನಿಂತೇ ಬರ್ತದೆ, ಏನಾಯ್ತು?" ಅಂದ್ರು. ಕೂತ್ರೆ ನಿದ್ದೆ ಬಂದ್ಬಿಡುತ್ತೆ ಅಂತ ಹೆದರ್ಕೊಂಡು ನಿಲ್ತಿದ್ಲು.

ಅವತ್ತು ರಾತ್ರಿ ಫೋನ್ ತೆಗೆದು ನೋಡಿದೆ. ಮೈಯೆಲ್ಲಾ ಉರಿದುಹೋಯ್ತು. ಅದೇ ಸ್ಟಿಕ್ಕರನ್ನ ಪೇರೆಂಟ್ಸ್ ಗ್ರೂಪಿಗೆ ಹಾಕಿ "ಇದು ಯಾರ ಮನೆ ಮಕ್ಕಳ ಕೆಲಸ?" ಅಂತ ಕೇಳಿದೆ. ನಮ್ಮ ನೆಂಟರ ಗ್ರೂಪಿಗೂ ಹಾಕಿದೆ, ತಂಗಿ ಗಂಡನಿಗೆ ಸ್ಟೇಷನ್ನಲ್ಲಿ ಪರಿಚಯ ಇದೆ ಅಂತ. ಎಲ್ಲರೂ ಅಯ್ಯೋ ಪಾಪ ಅಂದ್ರು.

ಎರಡು ದಿನ ಕಳೀತು. ನೆಂಟರ ಗ್ರೂಪಲ್ಲಿ ಒಂದು ಪಾಪುವಿನ ಹುಟ್ಟುಹಬ್ಬ. ಹಾರೈಕೆಗಳ ಮಧ್ಯೆ ನಮ್ಮ ವಯಸ್ಸಾದ ಮಾವ ಒಬ್ಬರು ನನ್ನ ಮಗಳ ಸ್ಟಿಕ್ಕರ್ ಹಾಕಿದ್ರು. ಅವರಿಗೆ ಕನ್ನಡಕ ಇಲ್ದೆ ಕೆಳಗಿನ ಅಕ್ಷರ ಕಾಣಲ್ಲ. ಮೊಮ್ಮಗಳ ಮುಖ ಅಂತ ಪ್ರೀತಿಯಿಂದ ಹಾಕಿದ್ದು. ಮಗಳು ಅದನ್ನ ನೋಡಿ ಅಳಲಿಲ್ಲ. "ಅವರು ಕ್ಲಾಸಲ್ಲಿ ನಲವತ್ತು ಜನಕ್ಕೆ ತೋರಿಸಿದ್ರು ಅಮ್ಮ, ನೀನು ಎಲ್ಲಾ ಊರಿಗೂ ತೋರಿಸ್ದೆ" ಅಂದಳು.

ಆ ಮಾತು ಎದೆಯಿಂದ ಇಳೀತಿಲ್ಲ. ಈಗ ಏನು ಮಾಡ್ಬೇಕು ಅಂತ ತಿಳಿದವರು ಹೇಳಿ. ಯಾರನ್ನ ಶಿಕ್ಷಿಸ್ಬೇಕು ಅನ್ನೋದಕ್ಕಿಂತ ಮೊದಲು, ಹರಡಿರೋದನ್ನ ವಾಪಸ್ ತಗೊಳ್ಳೋದು ಹೆಂಗೆ?

ಕೊಪ್ಪದ ಅಜ್ಜ | ಭಾನುವಾರ, ರಾತ್ರಿ 11.20

ತಂಗೀ, ನಿನ್ನ ಸಂಕಟ ಅರ್ಥ ಆಗ್ತದೆ. ಆದರೆ ಬೇರಿಗೆ ಮದ್ದು ಹಾಕದೆ ಎಲೆಗೆ ಹೊಡೆದರೆ ರೋಗ ಹೋಗ್ತದಾ? ಹದಿನಾಲ್ಕು ವರ್ಷದ ಮಕ್ಕಳ ಕೈಗೆ ಫೋನು ಯಾಕೆ ಬೇಕು? ಆಸ್ಟ್ರೇಲಿಯಾದಲ್ಲಿ 16 ವರ್ಷ ತುಂಬದವರಿಗೆ ಸೋಷಿಯಲ್ ಮೀಡಿಯಾ ಖಾತೆಯೇ ಇರಬಾರದು ಅಂತ ಕಾನೂನು ಮಾಡಿ 2025ರ ಡಿಸೆಂಬರ್ 10ರಿಂದ ಜಾರಿಗೇ ತಂದರು. ಅವರಿಗೆ ಹೊಳೆದದ್ದು ನಮಗೆ ಯಾಕೆ ಹೊಳೆಯಲ್ಲ? ಫೋನ್ ತೆಗೆದು ಬೀರುವಿನಲ್ಲಿಡು. ಎಸ್‌ಎಸ್‌ಎಲ್‌ಸಿ ಮುಗಿಯಲಿ, ಆಮೇಲೆ ನೋಡೋಣ.

ಕಡೂರು ಹತ್ತನೇ ಕ್ಲಾಸ್ | ಭಾನುವಾರ, ರಾತ್ರಿ 11.42

ಅಜ್ಜ, ಬೇಜಾರ್ ಮಾಡ್ಕೋಬೇಡಿ, ನಾನು ಅವಳ ವಯಸ್ಸಿನವಳೇ. ನಾವು ಮನೇಲಿ ಹೇಳ್ದೆ ಇರೋದಕ್ಕೆ ಕಾರಣಾನೇ ಇದು. ತಪ್ಪು ಮಾಡಿದ್ದು ಇನ್ನೊಬ್ಬರು, ಫೋನ್ ಹೋಗೋದು ನಮ್ದು. ಫೋನ್ ಇಲ್ಲ ಅಂದ್ರೆ ಸ್ಟಿಕ್ಕರ್ ನಿಲ್ಲಲ್ಲ. ನಮ್ಮ ಬೆನ್ನ ಹಿಂದೆ ನಡೀತಾನೇ ಇರುತ್ತೆ, ಏನು ನಡೀತಿದೆ ಅಂತ ನಮಗೆ ಗೊತ್ತಾಗಲ್ಲ ಅಷ್ಟೇ. ಅದು ಇನ್ನೂ ಭಯ.

ಗ್ರೂಪ್ ಬಿಟ್ಟು ಹೋಗು ಅಂತಾರೆ. ಹೋಂವರ್ಕ್ ಅಲ್ಲೇ ಹಾಕ್ತಾರಲ್ಲ, ಹೆಂಗೆ ಬಿಡೋದು? ನಾನು ಎಂಟನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೆ ಓದಿದ್ದೂ ಅಮ್ಮನ ಫೋನಲ್ಲೇ. ಟ್ಯೂಷನ್‌ಗೆ ನಮ್ಮ ಹತ್ರ ದುಡ್ಡಿರಲಿಲ್ಲ. ಈಗ ವರ್ಷಕ್ಕೆ 12,000 ರೂಪಾಯಿ ಸ್ಕಾಲರ್‌ಶಿಪ್ ಬರ್ತಿದೆ. ಫೋನೇ ಕೆಟ್ಟದು ಅಂದ್ರೆ ನಾನು ಒಪ್ಪಲ್ಲ.

ಆಂಟಿ, ನಿಮ್ಮ ಮಗಳಿಗೆ ಒಂದು ಮಾತು ಹೇಳಿ. ನಂಗೂ ಒಂದ್ಸಲ ಹಿಂಗೆ ಆಗಿತ್ತು. ಅವತ್ತು ನಂಗೆ ಅಷ್ಟೇನೂ ಕ್ಲೋಸ್ ಅಲ್ದೇ ಇರೋ ಹುಡುಗಿ ಒಬ್ಬಳು ಗ್ರೂಪಲ್ಲಿ "ಸಾಕು, ಇದು ಚೆನ್ನಾಗಿಲ್ಲ" ಅಂತ ಬರೆದ್ಲು. ಅಷ್ಟೇ. ಅವಳಿಗೆ ಮೂರು ಜನ ಹೂಂ ಅಂದ್ರು. ಆಮೇಲೆ ನಿಧಾನಕ್ಕೆ ನಿಂತುಹೋಯ್ತು.

ಮೂಡಿಗೆರೆ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6.15

ನಾನು ಹೈಸ್ಕೂಲು ಮೇಷ್ಟ್ರು, ಇಪ್ಪತ್ತೆರಡು ವರ್ಷ ಆಯಿತು. ಈ ಮಗು ಹೇಳಿದ ಹೋಂವರ್ಕ್ ಮಾತು ನನಗೇ ತಾಗಿದ್ದು, ಅದನ್ನು ಒಪ್ಪಿಕೊಂಡೇ ಶುರು ಮಾಡುತ್ತೇನೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಮ್ಮ ಕಡೆ ಮಕ್ಕಳು ಛತ್ರಿ ಹಿಡಿದುಕೊಂಡು ಗುಡ್ಡ ಹತ್ತಿ, ಎಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತೋ ಅಲ್ಲಿ ಕೂತು ಪಾಠ ಕೇಳಿದರು. ಸಾಲ ಮಾಡಿಯಾದರೂ ಒಂದು ಫೋನ್ ಕೊಡಿಸಿ ಅಂತ ತೋಟದ ಲೈನ್ ಮನೆಗಳಿಗೆ ಹೋಗಿ ಹೇಳಿದವರು ನಾವೇ. 2021ರ ಜುಲೈನಲ್ಲಿ ಎರಡೇ ದಿನದಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿದೆವು. ಶಾಲೆ ತೆರೆಯಿತು, ಗ್ರೂಪುಗಳು ಮಾತ್ರ ಮುಚ್ಚಲಿಲ್ಲ. ನಮಗೆ ಅನುಕೂಲ ಆಗಿತ್ತು, ಹಾಗಾಗಿ ಬಿಟ್ಟೆವು. ಡೈರಿಯಲ್ಲಿ ಬರೆಸುವ ಕೆಲಸ ತಪ್ಪಿತಲ್ಲ!

ಇನ್ನೊಂದು ಸಂಗತಿ, ಅಮ್ಮನವರೇ. ಶಾಲೆಗೆ ಹೋಗಿ ಹೇಳುತ್ತೀರಿ, ಹೇಳಲೇಬೇಕು. ಆದರೆ "ಪ್ರಾರ್ಥನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳಬೇಡಿ" ಅಂತ ಮೊದಲೇ ಕೇಳಿಕೊಳ್ಳಿ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಇಂಥದ್ದೇ ಆಗಿತ್ತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಮೈಕ್ ಹಿಡಿದು ಹೆಸರು ಹೇಳದೆ, "ಒಬ್ಬ ಹೆಣ್ಣುಮಗಳ ಫೋಟೋ ಹಾಕಿ ಆಡಿಕೊಳ್ಳುವುದು ಸಂಸ್ಕಾರವಲ್ಲ" ಅಂತ ಐದು ನಿಮಿಷ ಮಾತಾಡಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮೈದಾನದಲ್ಲಿದ್ದ ನಾನೂರು ತಲೆ ಒಂದೇ ದಿಕ್ಕಿಗೆ ತಿರುಗಿತು. ಆ ಹುಡುಗಿ ಶೂ ಲೇಸ್ ಕಟ್ಟುವವಳ ಹಾಗೆ ಬಗ್ಗಿದಳು, ಮಾತು ಮುಗಿಯುವವರೆಗೂ ಎದ್ದೇಳಲಿಲ್ಲ. ನಾನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮೈಕ್ ಹತ್ತಿರ ಹೋಗಿ ನಿಲ್ಲಿಸಿ ಅನ್ನಲಿಲ್ಲ, ಅವಳ ಪಕ್ಕಕ್ಕೂ ಹೋಗಲಿಲ್ಲ.

ಮಾಡಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಬೇಕು. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದರೆ ಅಲ್ಲೂ ಒಂದು ಗುಂಪೇ ಆಗುತ್ತದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಒಬ್ಬನೇ ಕೂತಾಗ ಅದೇ ಹುಡುಗ ಮಗುವಿನ ಹಾಗೆ ಅಳುತ್ತಾನೆ.

ಹಾಸನ ಕೋರ್ಟ್ ರಸ್ತೆ | ಸೋಮವಾರ, ಮಧ್ಯಾಹ್ನ 2.05

ವಕೀಲಿ ವೃತ್ತಿಯಲ್ಲಿದ್ದೇನೆ. ಮನೆಯವರು ಹೆದರಿ ಬರುವುದು, ಅರ್ಧ ತಿಳಿದವರ ಮಾತು ಕೇಳಿ ಇನ್ನಷ್ಟು ಹೆದರುವುದು ದಿನಾ ನೋಡುತ್ತೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಯಾರಾದರೂ "66ಎ ಹಾಕಿಸಿ" ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಬರೀ ಗೇಲಿಗೆ, ಅಡ್ಡಹೆಸರಿಗೆ ಅಂತಲೇ ಬೇರೆ ಸೆಕ್ಷನ್ ಇಲ್ಲ. ಆದರೆ ಮಗುವಿನ ಹೆಸರಲ್ಲಿ ನಕಲಿ ಖಾತೆ ತೆರೆದರೆ 66ಸಿ, 66ಡಿ ಬರುತ್ತವೆ. ಖಾಸಗಿ ಅಂಗದ ಚಿತ್ರ ಒಪ್ಪಿಗೆಯಿಲ್ಲದೆ ತೆಗೆದರೆ, ಹಂಚಿದರೆ 66ಇ. ಮಕ್ಕಳ ಅಶ್ಲೀಲ ಚಿತ್ರವಾದರೆ 67ಬಿ ಮತ್ತು 2012ರ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ. ಅಂಥ ಚಿತ್ರ ಕೈಗೆ ಬಂದರೆ "ಸಾಕ್ಷಿಗೆ" ಅಂತ ಇನ್ನೊಬ್ಬರಿಗೆ ಕಳಿಸಲೇಬೇಡಿ. ಕಳಿಸಿದವರೂ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ನೇರ ಪೊಲೀಸರಿಗೆ ತಿಳಿಸಿ.

ಇಂಥ ಚಿತ್ರ 18 ತುಂಬದವರದ್ದಾಗಿದ್ದರೆ "ಟೇಕ್ ಇಟ್ ಡೌನ್" ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ, ಅದರಲ್ಲಿ ಸೇರಿಕೊಂಡಿರುವ ಕಂಪನಿಗಳು ಆ ಸಂಖ್ಯೆ ಹಿಡಿದು ಚಿತ್ರ ಹುಡುಕಿ ತೆಗೆಯುತ್ತವೆ. 18 ದಾಟಿದವರಿಗೆ ಇದೇ ಥರ "ಸ್ಟಾಪ್ ಎನ್‌ಸಿಐಐ" ಇದೆ.

ಸಾಕ್ಷಿ ವಿಷಯ. ಮಾಮೂಲಿ ಗೇಲಿಯ ಪೋಸ್ಟ್ ಆದರೆ ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಖಾತೆಯ ಹೆಸರು, ದಿನ, ಸಮಯ ಕಾಣಬೇಕು, ಕತ್ತರಿಸಬೇಡಿ. ಪ್ರೊಫೈಲಿನ ಲಿಂಕ್ ಬರೆದಿಟ್ಟುಕೊಳ್ಳಿ, ಹೆಸರು ಬದಲಾಯಿಸುವುದು ಅರ್ಧ ನಿಮಿಷದ ಕೆಲಸ.

ದೂರು ಕೊಡಲು ಹತ್ತಿರದ ಠಾಣೆಯೂ ಆಗುತ್ತದೆ, ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯೂ ಆಗುತ್ತದೆ, ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್ಲೂ ಇದೆ. ಹಣ ಕಳಕೊಂಡಿದ್ದರೆ, ಅಂದರೆ "ದುಡ್ಡು ಹಾಕದಿದ್ದರೆ ಫೋಟೋ ಹಾಕ್ತೀನಿ" ಅಂತ ಹೆದರಿಸಿ ಕಿತ್ತುಕೊಂಡಿದ್ದರೆ, ತಡಮಾಡದೆ 1930ಕ್ಕೆ ಕರೆ ಮಾಡಿ. ನಿಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1930 ಮೀಟರ್ ಅಂತ ಹೇಳುತ್ತೇವಲ್ಲ, ಹಾಗೆ ನೆನಪಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098. ಅದಕ್ಕೆ ಮಗುವೇ ನೇರವಾಗಿ ಫೋನ್ ಮಾಡಬಹುದು.

ಮಾಡಿದವರೂ ಮಕ್ಕಳೇ ಆಗಿದ್ದರೆ ಬಾಲ ನ್ಯಾಯ ಕಾಯ್ದೆ ಬರುತ್ತದೆ. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರು ಜೊತೆಗಿಲ್ಲದಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಮನೆಯ ಹಿನ್ನೆಲೆಯ ವರದಿ ಮಾಡಿ ಬಾಲ ನ್ಯಾಯ ಮಂಡಳಿಯ ಮುಂದೆ ಇಡುತ್ತಾರೆ. ಇದು ಗೊತ್ತಿದ್ದರೆ "ಆ ಹುಡುಗನ ಜೀವನ ಹಾಳಾಗುತ್ತೆ, ದೂರು ಕೊಡಬೇಡಿ" ಅನ್ನುವ ಒತ್ತಡಕ್ಕೆ ನೀವು ಬಗ್ಗಬೇಕಾಗಿಲ್ಲ.

ವೇದಿಕೆ ನಿರ್ವಾಹಕರು | ಸೋಮವಾರ, ಸಂಜೆ 5.30

ಎರಡು ಉತ್ತರಗಳನ್ನು ತೆಗೆದಿದ್ದೇವೆ. ಒಂದರಲ್ಲಿ ಶಾಲೆಯ ಹೆಸರಿತ್ತು, ಇನ್ನೊಂದರಲ್ಲಿ "ಇವನೇ ಇರಬೇಕು" ಅಂತ ಒಬ್ಬ ಹುಡುಗನ ಹೆಸರಿತ್ತು. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಇಂಥ ಪ್ರಕರಣದಲ್ಲಿ ನೊಂದ ಮಗುವಿನ ಗುರುತನ್ನೂ, ಆರೋಪ ಹೊತ್ತ ಮಗುವಿನ ಗುರುತನ್ನೂ ಬಹಿರಂಗ ಮಾಡುವಂತಿಲ್ಲ. ದಯವಿಟ್ಟು ಊಹೆ ಮಾಡಬೇಡಿ.

ಹೊಳೆನರಸೀಪುರ ಹುಡ್ಗ | ಸೋಮವಾರ, ರಾತ್ರಿ 11.55

ನಂಗೆ ಈಗ ಹತ್ತೊಂಬತ್ತು. ಹಾಸನದಲ್ಲಿ ಡಿಪ್ಲೊಮಾ ಓದ್ತಿದೀನಿ. ಫಸ್ಟ್ ಪಿಯು ಇದ್ದಾಗ ನಾನು ಇನ್‌ಸ್ಟಾದಲ್ಲಿ ಒಂದು ಕನ್ಫೆಷನ್ ಪೇಜ್ ನಡೆಸ್ತಿದ್ದೆ, ಅಂದ್ರೆ ಬೇರೆಯವರು ಕಳಿಸಿದ್ದನ್ನ ಅವರ ಹೆಸರು ಹೇಳ್ದೆ ಹಾಕೋ ಪೇಜ್. ಇದನ್ನ ಎಲ್ಲೂ ಹೇಳಿಲ್ಲ.

ಮೊದಲು ಒಳ್ಳೇದೇ ಬರ್ತಿತ್ತು. ಯಾರಿಗೆ ಯಾರು ಇಷ್ಟ, ಯಾವ ಲೆಕ್ಚರರ್ ಚೆನ್ನಾಗಿ ಮಾಡ್ತಾರೆ, ಇಂಥವು. ಆಮೇಲೆ ಒಬ್ಬಳ ಬಣ್ಣದ ಬಗ್ಗೆ ಒಂದು ಬಂತು, ಹಾಕಿದೆ. ಅವತ್ತು ರಾತ್ರಿ ಬಂದಷ್ಟು ಲೈಕ್ ಅದಕ್ಕೂ ಮುಂಚೆ ಯಾವತ್ತೂ ಬಂದಿರ್ಲಿಲ್ಲ. ಕ್ಲಾಸಲ್ಲಿ ನಾನು ಯಾರಿಗೂ ಲೆಕ್ಕಕ್ಕೆ ಇರ್ಲಿಲ್ಲ. ಕೊನೇ ಬೆಂಚು, ಮಾತು ಕಮ್ಮಿ. ಮಾರನೇ ದಿನ ಎಲ್ರೂ ನನ್ನ ಪೇಜ್ ಬಗ್ಗೆನೇ ಮಾತಾಡ್ತಿದ್ರು. ನಡೆಸ್ತಿರೋದು ನಾನು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಆ ಖುಷಿ ಹೆಂಗಿತ್ತು ಅಂತ ಹೇಳಕ್ಕಾಗಲ್ಲ. ರಾತ್ರಿ ಎರಡು ಗಂಟೆ ತನಕ ಫೋನ್ ಹೊದಿಕೆ ಒಳಗೇ.

ಅವಳ ಮುಖ ನಾನು ನೋಡಿರ್ಲಿಲ್ಲ ಅಂತಲ್ಲ, ದಿನಾ ನೋಡ್ತಿದ್ದೆ. ಆದ್ರೆ ಪೋಸ್ಟ್ ಹಾಕುವಾಗ ಆ ಮುಖ ತಲೇಲಿ ಬರ್ತಿರ್ಲಿಲ್ಲ, ನಂಬರ್ ಮಾತ್ರ ಬರ್ತಿತ್ತು. ಒಂದಿನ ಹಾಸನ ಬಸ್ ಸ್ಟ್ಯಾಂಡಲ್ಲಿ ಅವಳು ಅಪ್ಪನ ಜೊತೆ ನಿಂತಿದ್ಲು. ಜೂನ್ ಅಲ್ಲ, ಮಳೆ ಇಲ್ಲ, ಬಿಸಿಲು. ಆದ್ರೂ ವೇಲಲ್ಲಿ ಮುಖ ಪೂರ್ತಿ ಮುಚ್ಕೊಂಡಿದ್ಲು. ಅವರಪ್ಪ "ಏನಾಯ್ತು ಮಗಾ, ತಗಿ, ಸೆಕೆ" ಅಂತಿದ್ರು. ಅವಳು ತಲೆ ಆಡಿಸ್ತಿದ್ಲು. ಮನೆಗೆ ಹೋಗಿ ಪೇಜ್ ಡಿಲೀಟ್ ಮಾಡಿದೆ.

ಇನ್ನೂ ಕ್ಷಮೆ ಕೇಳಿಲ್ಲ ನಾನು. ಹೋಗಿ ಕೇಳಿದ್ರೆ ಅವಳಿಗೆ ಸಮಾಧಾನ ಆಗುತ್ತೋ, ಮತ್ತೆ ಗಾಯ ಕೆದಕಿದ ಹಂಗೆ ಆಗುತ್ತೋ ಗೊತ್ತಾಗ್ತಿಲ್ಲ.

ಅಕ್ಕ, ನಿಮ್ಮ ಮಗಳ ಖಾತೆ ವಯಸ್ಸು ಸರಿ ಇದ್ಯಾ ನೋಡಿ. ನಮ್ಮ ಕಡೆ ಅರ್ಧಕ್ಕರ್ಧ ಹುಡುಗ್ರು ಹುಟ್ಟಿದ ವರ್ಷ ಸುಳ್ಳು ಹಾಕಿರ್ತಾರೆ. ಇನ್‌ಸ್ಟಾದವರು 2025ರಿಂದ ಇಂಡಿಯಾದಲ್ಲಿ ಟೀನ್ ಅಕೌಂಟ್ ತಂದಿದ್ದಾರೆ. ಸರಿ ವಯಸ್ಸು ಇದ್ರೆ ಖಾತೆ ತಾನಾಗೇ ಪ್ರೈವೇಟ್ ಇರುತ್ತೆ, ಅವಳು ಫಾಲೋ ಮಾಡ್ದೆ ಇರೋರು ಅವಳಿಗೆ ಮೆಸೇಜ್ ಹಾಕಕ್ಕೆ ಆಗಲ್ಲ. ಇನ್ನೊಂದು, ಬ್ಲಾಕ್ ಮಾಡಿದ್ರೆ ಎದುರಿನವನಿಗೆ ಗೊತ್ತಾಗಿ ಇನ್ನೂ ಕೆರಳ್ತಾನೆ ಅನ್ನೋ ಭಯ ಇದ್ರೆ "ರಿಸ್ಟ್ರಿಕ್ಟ್" ಅಂತ ಇದೆ. ಅವನು ಹಾಕಿದ ಕಾಮೆಂಟ್ ಅವನಿಗೆ ಮಾತ್ರ ಕಾಣುತ್ತೆ. ಯಾರೂ ನಗ್ತಿಲ್ವಲ್ಲ ಅಂತ ಅವನೇ ಸುಮ್ನಾಗ್ತಾನೆ.

ಬೇಲೂರು ರಸ್ತೆ | ಮಂಗಳವಾರ, ಬೆಳಿಗ್ಗೆ 9.10

ರಾತ್ರಿಯೆಲ್ಲಾ ಈ ಹುಡುಗ ಬರೆದದ್ದನ್ನೇ ಓದ್ತಾ ಕೂತಿದ್ದೆ. ನಾನು ಆ ಕಡೆಯ ತಾಯಿ, ಗೇಲಿ ಮಾಡಿದ ಹುಡುಗನ ತಾಯಿ. ಹೋದ ವರ್ಷ ಶಾಲೆಯಿಂದ ಕರೆ ಬಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ನಮ್ಮ ಹುಡುಗ ಅಂಥವನಲ್ಲ." ಎರಡನೇ ಮಾತು, "ಹುಡುಗರು ಅಂದ್ಮೇಲೆ ತಮಾಷೆ ಮಾಡ್ತಾರಪ್ಪ." ಎದುರಿಗೆ ಆ ಇನ್ನೊಂದು ಮಗುವಿನ ತಾಯಿ ಕೂತಿದ್ರು. ಏನೂ ಅನ್ನದೆ ಪರ್ಸಿನ ಜಿಪ್ ಎಳೀತಾ, ಬಿಡ್ತಾ ಇದ್ರು.

ಮನೆಗೆ ಬಂದು ಮಗನಿಗೆ ಅವರಪ್ಪ ಹೊಡೆದ್ರು. ಅದರಿಂದ ಅವನು ಕಲಿತದ್ದು ಫೋನಿಗೆ ಲಾಕ್ ಹಾಕೋದು ಮಾತ್ರ. ಅವನು ಬದಲಾಗಿದ್ದು ತಿಂಗಳುಗಟ್ಟಲೆ ಅವನ ಜೊತೆ ಕೂತು ಮಾತಾಡಿದ ಮೇಲೆ. ನಮ್ಮ ಮನೆಯಲ್ಲೂ ಅವನನ್ನ "ಡುಮ್ಮ" ಅಂತಲೇ ಕರೀತಿದ್ದೆವು. ಒಂದಿನ ಅವನೇ ಕೇಳ್ದ, "ನೀವು ಕರೀಬಹುದು, ನಾನು ಇನ್ನೊಬ್ಬರನ್ನ ಕರೆದ್ರೆ ತಪ್ಪಾ?" ಅಂತ. ಅವತ್ತಿಂದ ಆ ಹೆಸರು ಬಿಟ್ಟೆವು.

ಆಲ್ದೂರಿನ ಅಕ್ಕಾ, ನಿಮ್ಮ ಪೇರೆಂಟ್ಸ್ ಗ್ರೂಪಲ್ಲಿ ಆ ಹುಡುಗರ ತಾಯಂದಿರೂ ಇರ್ತಾರೆ. ಎಲ್ಲರೆದುರು ಕೇಳಿದ್ರೆ ಯಾವ ತಾಯಿಯೂ ಒಪ್ಪಲ್ಲ, ನಾನೂ ಒಪ್ಪಿರ್ಲಿಲ್ಲ. ಒಬ್ಬರಿಗೇ ಫೋನ್ ಮಾಡಿ ಕೇಳಿ ನೋಡಿ.

ಕೊಪ್ಪದ ಅಜ್ಜ | ಮಂಗಳವಾರ, ರಾತ್ರಿ 8.30

ಕಡೂರಿನ ಮಗೂ, ನೀನು ಹೇಳಿದ್ದು ಸರಿ. ಹೇಳಿಕೊಂಡವರ ಫೋನ್ ಕಸಿದರೆ ಮುಂದೆ ಯಾರೂ ಹೇಳಲ್ಲ. ಅಷ್ಟು ದೂರ ನಾನು ಯೋಚಿಸಿರಲಿಲ್ಲ. ಆದರೆ ರಾತ್ರಿ ಹೊದಿಕೆಯೊಳಗಿನ ಫೋನಿನ ಬಗ್ಗೆ ನನ್ನ ಮಾತು ಬದಲಾಗಲ್ಲ. ನಮ್ಮ ಮನೆಯಲ್ಲಿ ಒಂಬತ್ತು ಗಂಟೆಗೆ ಎಲ್ಲರ ಫೋನೂ ದೇವರ ಕೋಣೆ ಪಕ್ಕದ ಗೂಡಿನಲ್ಲಿ. ನನ್ನದೂ, ಮಗನದ್ದೂ, ಸೊಸೆಯದ್ದೂ. ನನ್ನದನ್ನು ಇಡದೆ ಮೊಮ್ಮಗನದ್ದು ಕೇಳಿದ ಮೊದಲ ವಾರ ಅವನು ಕೊಡಲಿಲ್ಲ. ನಾನು ರಾತ್ರಿ ನ್ಯೂಸ್ ನೋಡುವುದು ಬಿಟ್ಟ ಮೇಲೆ ಕೊಟ್ಟ.

ಮೂಡಿಗೆರೆ ಮೇಷ್ಟ್ರು | ಮಂಗಳವಾರ, ರಾತ್ರಿ 9.00

ಅಜ್ಜ, ನಿಮ್ಮ ಗೂಡು ನಮ್ಮ ಮನೆಗೂ ಬೇಕು. ಅಮ್ಮನವರೇ, ಒಂದು ಮುಖ್ಯವಾದ ಮಾತು. ಮಗು ಊಟ ಬಿಟ್ಟಿದೆಯಾ, ನಿದ್ದೆ ಬರ್ತಿಲ್ಲವಾ, "ನಾನಿಲ್ಲದಿದ್ದರೇ ಚೆನ್ನಾಗಿರ್ತಿತ್ತು" ಅನ್ನುವಂಥ ಮಾತು ಬಂದಿದೆಯಾ? ಬಂದಿದ್ದರೆ ಕಾಯಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ ಇದು. ಫೋನಿನ ಗೀಳೇ ಕಾಯಿಲೆಯಂತಾದ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ "ಶಟ್" ಅನ್ನುವ ಕ್ಲಿನಿಕ್ ಇದೆ. ನಮ್ಮ ಒಬ್ಬ ವಿದ್ಯಾರ್ಥಿಯನ್ನು ಅಲ್ಲಿಗೆ ಕಳಿಸಿದ್ದೆವು. ಈಗ ಕಾಲೇಜು ಓದುತ್ತಿದ್ದಾನೆ.

ಇವತ್ತು ನಮ್ಮ ಶಾಲೆಯಲ್ಲಿ ಸಭೆ ಮಾಡಿದೆವು. ಮುಂದಿನ ಸೋಮವಾರದಿಂದ ಹೋಂವರ್ಕ್ ಬೋರ್ಡಿನ ಮೇಲೆ, ಡೈರಿಯಲ್ಲಿ.

ಆಲ್ದೂರು ಕಡೆಯ ಅಮ್ಮ | ಎರಡು ವಾರಗಳ ನಂತರ, ಭಾನುವಾರ, ಸಂಜೆ 7.15

ಎಲ್ಲರಿಗೂ ಉತ್ತರ ಬರೀಬೇಕು ಅಂತಿದ್ದೆ, ಆಗಲಿಲ್ಲ. ಮೇಷ್ಟ್ರೇ, ಅಂಥ ಮಾತು ಅವಳ ಬಾಯಿಂದ ಬಂದಿಲ್ಲ. ಊಟ ಕಮ್ಮಿ ಮಾಡಿದ್ಲು, ಈಗ ಸರಿಹೋಗಿದೆ. ಆದ್ರೂ 14416ಕ್ಕೆ ಒಂದ್ಸಲ ನಾನೇ ಮಾಡಿದೆ, ನನಗೋಸ್ಕರ. ಅರ್ಧ ಗಂಟೆ ಮಾತಾಡಿದೆ.

ಮೊದಲು ಮಗಳ ಹತ್ರ ಕ್ಷಮೆ ಕೇಳಿದೆ. ಅವಳು ಹೂಂ ಅಂದ್ಲು, ಅಷ್ಟೇ. ಆಮೇಲೆ ಅವಳೇ ಹೇಳಿಕೊಟ್ಟಳು. ನಾನು ಹಾಕಿದ ಮೆಸೇಜ್ ಅಳಿಸಿದ್ರೂ, ಸ್ಟಿಕ್ಕರನ್ನ ಯಾರು ಸೇವ್ ಮಾಡ್ಕೊಂಡಿದಾರೋ ಅವರ ಫೋನಲ್ಲಿ ಅದು ಇದ್ದೇ ಇರುತ್ತೆ. ಅವರೇ ತೆಗೀಬೇಕು. ಅಂದ್ರೆ ಒಬ್ಬೊಬ್ಬರಿಗೂ ಹೇಳ್ಬೇಕು. ಗ್ರೂಪಲ್ಲಿ ಇನ್ನೊಂದ್ಸಲ ಬರೆದ್ರೆ ಮತ್ತೆ ಎಲ್ಲರೂ ಹುಡುಕಿ ನೋಡ್ತಾರೆ, ಅದಕ್ಕೆ ಗ್ರೂಪು ಬೇಡ ಅಂದ್ಲು.

ನೆಂಟರ ಗ್ರೂಪಲ್ಲಿ ಮೂವತ್ತೊಂದು ಜನ. ದಿನಾ ಸಂಜೆ ನಾಲ್ಕೈದು ಜನಕ್ಕೆ ಫೋನ್ ಮಾಡ್ತಾ ಹೋದೆ. ಪಕ್ಕದಲ್ಲಿ ಅವಳು, ರಫ್ ನೋಟಿನ ಕೊನೇ ಪುಟದಲ್ಲಿ ಹೆಸರು ಬರ್ಕೊಂಡು ಟಿಕ್ ಹಾಕ್ತಾ. ಕೆಲವರು "ಅಯ್ಯೋ ಅಷ್ಟಕ್ಕೇನು" ಅಂದ್ರು, ಅವರಿಗೆ ಎರಡು ಸಲ ಹೇಳಿದೆ. ಪೇರೆಂಟ್ಸ್ ಗ್ರೂಪಿನವರಿಗೂ ಹಿಂಗೇ ಮಾಡ್ತಿದ್ದೀವಿ, ಅದು ಇನ್ನೂ ಮುಗಿದಿಲ್ಲ. ಬೇಲೂರು ರಸ್ತೆಯ ಅಕ್ಕ ಹೇಳಿದ ಹಂಗೆ ಒಬ್ಬ ತಾಯಿಗೆ ಪ್ರತ್ಯೇಕವಾಗಿ ಫೋನ್ ಮಾಡಿದೆ. ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಮಾರನೇ ದಿನ ಹುಡುಗನ್ನ ಕರ್ಕೊಂಡು ಮನೆಗೇ ಬಂದ್ರು. ಮಗಳು ಹೊರಗೆ ಬರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಇನ್ನಿಬ್ಬರ ವಿಷಯ ಶಾಲೆಯಲ್ಲಿ ಇದೆ, ಒಬ್ಬೊಬ್ಬರನ್ನೇ ಕರೆಸಿ ಮಾತಾಡ್ತಿದ್ದಾರೆ.

ನೆಂಟರ ಪಟ್ಟಿಯಲ್ಲಿ ಕೊನೇಗೆ ಉಳಿದದ್ದು ನಮ್ಮ ಮಾವ. ಹುಟ್ಟುಹಬ್ಬಕ್ಕೆ ಹಾಕಿದ್ರಲ್ಲ, ಅವರು. ಬಾಳೆಹೊನ್ನೂರು ಹತ್ರ ಇರೋದು, ಎಪ್ಪತ್ತಾರು ವಯಸ್ಸು. ವಿಷಯ ಹೇಳಿದಾಗ ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ "ನಂಗೆ ತೆಗಿಯೋಕೆ ಬರಲ್ಲಲ್ಲ ಮಗಳೇ, ಏನ್ ಮಾಡ್ಲಿ" ಅಂದ್ರು, ಗಂಟಲು ಕಟ್ಟಿತ್ತು. ನಾನು ಏನಾದ್ರೂ ಹೇಳೋ ಮುಂಚೆ ಮಗಳು ಫೋನ್ ಇಸ್ಕೊಂಡ್ಲು.

"ತಾತ, ನಾನು. ಕನ್ನಡಕ ಹಾಕ್ಕೊಳ್ಳಿ. ಫೋನ್ ಸ್ಪೀಕರಿಗೆ ಹಾಕಿ. ಹಾಕಿದ್ರಾ? ಈಗ ವಾಟ್ಸಾಪ್ ತೆಗೀರಿ. ನನ್ನ ಫೋಟೋ ಮೇಲೆ ಬೆರಳಿಟ್ಟು ಒತ್ತಿ ಹಿಡ್ಕೊಳ್ಳಿ. ಇಲ್ಲ, ಬಿಡಬೇಡಿ, ಹಿಡ್ಕೊಂಡೇ ಇರಿ."